ಕೊಡಗಿನ ಮಳೆ ತಿಂದ ಜಿಪ್ಸಿ: ಬಾಡಿ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಬಣ್ಣ ಹೊಡೆಯುವುದು

ಹಳೆ ಜಿಪ್ಸಿಗೆ ಬಣ್ಣ ಹೊಡೆಯಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು ಯಾವ ಬಣ್ಣ ಅಂತ ಅಲ್ಲ, ನೀರು ಎಲ್ಲಿ ನಿಲ್ಲುತ್ತಿದೆ ಅಂತ. ಕೊಡಗಿನಲ್ಲಿ ಗಾಡಿಯ ಬಾಡಿ ಹಾಳಾಗೋದು ಒಳಗಿನಿಂದ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಅಷ್ಟು ದಿನವೂ ಬಾಗಿಲಿನ ಒಳಗೆ, ಮ್ಯಾಟ್ ಅಡಿಯಲ್ಲಿ, ಫೆಂಡರ್ ಹಿಂದೆ ಸೇರಿಕೊಂಡ ತೇವ ಆರುವುದೇ ಇಲ್ಲ. ಮೇಲೆ ಸಣ್ಣ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಡೆ ತಗಡು ಅರ್ಧ ಹೋಗಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಏಳುತ್ತದೆ.

ಜಿಪ್ಸಿಯನ್ನೇ ಇಟ್ಟುಕೊಂಡು ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಕಡೆ ಅದು ತೋಟಕ್ಕೂ ಸರಿ, ರ‍್ಯಾಲಿಗೂ ಸರಿ. 1985ರಲ್ಲಿ ಮಾರುತಿ ತಂದ ಈ ಗಾಡಿಯ ಬಾಡಿ ಬೇರೆ, ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಬೇರೆ. ಎರಡರ ನಡುವೆ ರಬ್ಬರ್ ಮೌಂಟ್ ಇವೆ. ಮುಂದಿನ ಫೆಂಡರ್, ಬಾನೆಟ್, ಬಾಗಿಲು ಎಲ್ಲ ಬೋಲ್ಟ್‌ನಲ್ಲೇ ಕೂತಿರುವುದರಿಂದ ಮನೆಯ ಶೆಡ್‌ನಲ್ಲಿ ಬಿಚ್ಚುವುದಕ್ಕೆ ಇದಕ್ಕಿಂತ ಸುಲಭದ ಗಾಡಿ ಕಡಿಮೆ. ನಿಮ್ಮ ಹತ್ತಿರ ಹಳೆ ಜೀಪೋ, ಮಾರುತಿ 800ಓ, ಬೇರೆ ಯಾವುದಾದರೂ ಸ್ಪೋರ್ಟ್ಸ್ ಕಾರೋ ಇದ್ದರೂ ಕೆಲಸದ ಕ್ರಮ ಇದೇ. ಫೈಬರ್ ಬಾಡಿಗೆ ಮಾತ್ರ ಇದು ಹೊಂದುವುದಿಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಹುತ್ತರಿ ಮುಗಿದ ಮೇಲೆ ಬಿಚ್ಚುವುದಕ್ಕೆ ಶುರು ಮಾಡಿ, ಹೂಮಳೆ ಬರುವುದರೊಳಗೆ ಬಣ್ಣ ಮುಗಿಸುವ ಹಾಗೆ ಲೆಕ್ಕ ಹಾಕಿಕೊಳ್ಳಿ. ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ. ಕಾಫಿ ಕೊಯ್ಲೂ ಅದೇ ಸಮಯಕ್ಕೆ ಬರುತ್ತದೆ, ಕಣ ಖಾಲಿ ಇರುವುದಿಲ್ಲ, ಸಹಾಯಕ್ಕೆ ಜನ ಸಿಗುವುದಿಲ್ಲ, ಗೊತ್ತು. ಆದರೂ ಗಾಳಿ ಒಣಗಿರುವುದು ಆಗಲೇ. ಮಳೆಗಾಲದಲ್ಲಿ ಬಣ್ಣ ತೆಗೆದ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೈ ಇಟ್ಟ ಕಡೆಯೆಲ್ಲ ಕಿತ್ತಳೆ ಬಣ್ಣದ ಬೆರಳಚ್ಚು ಮೂಡಿರುತ್ತದೆ. ಮಡಿಕೇರಿ, ಭಾಗಮಂಡಲ ಕಡೆಯವರಿಗೆ ಇದು ಇನ್ನೂ ಜಾಸ್ತಿ. ಕುಶಾಲನಗರದ ಕಡೆ ಹವೆ ಒಣ, ಅಲ್ಲಿ ಶೆಡ್ ಇರುವ ನೆಂಟರು ಯಾರಾದರೂ ಇದ್ದರೆ ಬಣ್ಣದ ದಿನಕ್ಕಾದರೂ ಗಾಡಿಯನ್ನು ಅಲ್ಲಿಗೆ ಸಾಗಿಸುವುದು ಒಳ್ಳೆಯದು.

ಸಾಮಾನಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದುಡ್ಡು ಉಳಿಸುವುದಿದ್ದರೆ ಸ್ಪ್ರೇ ಗನ್‌ನಲ್ಲಿ ಉಳಿಸಿ, ಮಾಸ್ಕ್‌ನಲ್ಲಿ ಬೇಡ. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣ, ಅದರ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್, 2ಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಪ್ರೈಮರ್, ಇವುಗಳನ್ನು ಗಟ್ಟಿ ಮಾಡುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ದೇಹಕ್ಕೆ ಆಗದೆ ಹೋದರೆ ಆಮೇಲೆ ಸ್ವಲ್ಪ ವಾಸನೆಗೂ ಎದೆ ಹಿಡಿದುಕೊಳ್ಳುತ್ತದೆ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಇದ್ದರೆ ಅದೇ ಸರಿ. ಇಲ್ಲದಿದ್ದರೆ ಇವುಗಳನ್ನು ಹೊಡೆಯುವ ಕೆಲಸವನ್ನು ಸ್ಪ್ರೇ ಬೂತ್ ಇರುವ ಪೇಂಟರ್‌ಗೆ ಬಿಡಿ, ಉಳಿದದ್ದೆಲ್ಲ ನೀವೇ ಮಾಡಿ. ಕೆಲಸದ ದೊಡ್ಡ ಪಾಲು ಬಣ್ಣಕ್ಕಿಂತ ಮುಂಚೆಯೇ ಇರುವುದರಿಂದ ಹಾಗೆ ಮಾಡಿದರೂ ಇದು ನಿಮ್ಮದೇ ಕೆಲಸ.

ಬಿಚ್ಚುವುದಕ್ಕೆ ಮುಂಚೆ ಎರಡು ಪರೀಕ್ಷೆ ಮಾಡಿ. ಸಣ್ಣ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆಲ್ಲ ಓಡಿಸಿ, ಹಿಡಿತ ಸಡಿಲವಾದ ಕಡೆ ಅಡಿಯಲ್ಲಿ ದಪ್ಪ ಪುಟ್ಟಿ ಇದೆ ಅಂತ ಅರ್ಥ, ಅಲ್ಲಿ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಇನ್ನೊಂದು, ಬಿಳಿ ಬಟ್ಟೆಗೆ ತಿನ್ನರ್ ಹಾಕಿ ಮರೆಯಲ್ಲಿರುವ ಒಂದು ಜಾಗದಲ್ಲಿ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ (ನೈಟ್ರೋಸೆಲ್ಯುಲೋಸ್), ನಮ್ಮವರು ಡ್ಯೂಕೋ ಅನ್ನುತ್ತಾರಲ್ಲ, ಅದು. ಡ್ಯೂಕೋ ಮೇಲೆ ಪಿಯು ಹೊಡೆದರೆ ಅಡಿಯ ಪದರ ಸುಕ್ಕುಗಟ್ಟಿ ಮೇಲೆದ್ದು ಬರುವ ಸಂಭವ ಜಾಸ್ತಿ. ಹಾಗಾಗಿ ಡ್ಯೂಕೋ ಇದ್ದರೆ ಪೂರ್ತಿ ತೆಗೆಯಲೇಬೇಕು. ಕಂಪನಿ ಬಣ್ಣವೇ ಗಟ್ಟಿಯಾಗಿ ಕೂತಿದ್ದರೆ ಆ ಭಾಗವನ್ನು ಉಜ್ಜಿ ಅದರ ಮೇಲೇ ಮುಂದುವರಿಯಬಹುದು. ಸುಮ್ನೆ ಎಲ್ಲವನ್ನೂ ತಗಡಿನವರೆಗೆ ಕೆರೆಯುವುದು ಬೇಡ.

ಬ್ಯಾಟರಿ ತೆಗೆಯಿರಿ. ಗಾಡಿಯ ಹಿಂಭಾಗದಲ್ಲಿ ವೆಲ್ಡಿಂಗ್ ಮಾಡುವುದಿದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್‌ನಿಂದಲೇ ಆಚೆ ಇಡಿ. ಖಾಲಿ ಟ್ಯಾಂಕ್ ಅಂತ ಅಲಕ್ಷ್ಯ ಮಾಡಬೇಡಿ, ಅದರ ಒಳಗಿನ ಆವಿಯೇ ಅಪಾಯ. ಆಮೇಲೆ ಬಂಪರ್, ಲೈಟು, ಗ್ರಿಲ್, ಬಾನೆಟ್, ಫೆಂಡರ್, ಬಾಗಿಲು, ಈ ಕ್ರಮದಲ್ಲಿ ಬಿಚ್ಚುತ್ತಾ ಹೋಗಿ. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಬೋಲ್ಟನ್ನು ಬೇರೆ ಬೇರೆ ಕವರ್‌ಗೆ ಹಾಕಿ ಮೇಲೆ ಎಲ್ಲಿಯದು ಅಂತ ಬರೆಯಿರಿ. ಹಿಡಿದುಕೊಂಡ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆ ತಿರುಗಿಸಿ ಆಮೇಲೆ ಸಡಿಲ ಮಾಡಿದರೆ ಬೋಲ್ಟ್ ಮುರಿಯುವುದು ಕಡಿಮೆ.

ಮುಂದಿನ ಫೆಂಡರ್ ತೆಗೆದಾಗ ಅದರ ಹಿಂಬದಿಯನ್ನು, ಬಾಗಿಲಿನ ಹಿಂಜ್ ಕಂಬದ ಹತ್ತಿರ, ಕೂತು ಸರಿಯಾಗಿ ನೋಡಿ. ಚಕ್ರ ಎರಚಿದ ಕೆಂಪು ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ನಡುವೆ ಸಿಲ್ವರ್ ಓಕ್ ಎಲೆ ಕೊಳೆತು ಕಪ್ಪಾಗಿರುತ್ತದೆ, ಬೇಸಿಗೆಯಲ್ಲೂ ಬೆರಳು ತೂರಿಸಿದರೆ ಒಳಗೆ ತಂಪು ತಗಲುತ್ತದೆ. ಆ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು ತೆಗೆದು, ಸ್ಕ್ರೂಡ್ರೈವರ್ ಹಿಡಿಯಿಂದ ತಗಡಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅಂದರೆ ತಗಡು ಚೆನ್ನಾಗಿದೆ. ಡಬ್ ಅಂತ ಸತ್ತ ಸದ್ದು ಬಂದರೆ ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿ. ಒಳಗೆ ಹೋಗುವುದಾದರೆ ಈಗಲೇ ಹೋಗಲಿ, ಅದು ಹೇಗೂ ಕತ್ತರಿಸಬೇಕಾದ ಜಾಗ. ಇದೇ ರೀತಿ ಗಾಜಿನ ಫ್ರೇಮಿನ ಕೆಳ ಮೂಲೆ, ಬಾಗಿಲಿನ ಕೆಳಗಿನ ಮಡಿಕೆ, ಕಾಲಿಡುವ ನೆಲ, ಬಾಡಿ ಮೌಂಟ್ ಕೂರುವ ಜಾಗ, ಹಿಂಬಾಗಿಲಿನ ಅಡಿ, ಎಲ್ಲವನ್ನೂ ತಟ್ಟಿ ನೋಡಿ.

ತೋಟದ ಗಾಡಿಯಾದರೆ ಹಿಂದಿನ ನೆಲಕ್ಕೆ ಬೇರೆಯದೇ ಗಮನ ಬೇಕು. ಗೊಬ್ಬರದ ಮೂಟೆ ಸಾಗಿಸಿರುತ್ತೀರಿ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಕಬ್ಬಿಣದ ಮಟ್ಟಿಗೆ ಅದು ಸಮುದ್ರದ ಉಪ್ಪಿನಷ್ಟೇ ಕೆಟ್ಟದ್ದು. ಮೈಲುತುತ್ತದ (ಕಾಪರ್ ಸಲ್ಫೇಟ್) ಡಬ್ಬ ಚೆಲ್ಲಿದ್ದರೆ ಇನ್ನೂ ಕಷ್ಟ, ತಾಮ್ರ ಕಬ್ಬಿಣದ ಮೇಲೆ ಕೂತು ಸುತ್ತಲಿನ ತಗಡನ್ನು ಬೇಗ ತಿನ್ನಿಸುತ್ತದೆ. ಈ ಉಪ್ಪು ತುಕ್ಕಿನ ಸಣ್ಣ ಗುಳಿಗಳ ಒಳಗೆ ಕೂತಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಬಿಸಿನೀರು ಹಾಕಿ ಬ್ರಶ್‌ನಲ್ಲಿ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ತೊಳೆಯಿರಿ. ಒಣಗಿದ ಕೂಡಲೇ ಅದೇ ಗುಳಿಗಳಲ್ಲಿ ಕಪ್ಪು ಚುಕ್ಕೆ ತಿರುಗಿ ಬರುತ್ತಿದ್ದರೆ ಉಪ್ಪು ಇನ್ನೂ ಇದೆ ಅಂತಲೇ ತಿಳಿಯಿರಿ.

ಬಣ್ಣ ತೆಗೆಯುವುದಕ್ಕೆ ಪೇಂಟ್ ರಿಮೂವರ್ ಬಳಸಿದರೆ ಬೇಗ ಆಗುತ್ತದೆ. ದಪ್ಪಕ್ಕೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಣ್ಣ ಉಬ್ಬಿದ ಮೇಲೆ ಕೆರೆದು ತೆಗೆಯಿರಿ. ಬಯಲಲ್ಲಿ ಮಾಡಿ, ದಪ್ಪ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಕೆರೆದ ಬಣ್ಣದ ಚೂರನ್ನು ತೋಡಿಗೋ ಕೆರೆಗೋ ತೊಳೆದು ಬಿಡಬೇಡಿ, ಹಾಳೆಯಲ್ಲಿ ಕಟ್ಟಿ ಬೇರೆ ಇಡಿ. ಸೀಮ್ ಇರುವ ಕಡೆ, ಎರಡು ತಗಡು ಸೇರುವ ಕಡೆ ರಿಮೂವರ್ ಬೇಡ, ಅದು ಒಳಗೆ ಇಳಿದು ಆಮೇಲೆ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ. ಅಲ್ಲಿ 80 ನಂಬರ್ ಪೇಪರ್ (ಉಜ್ಜುವ ಮರಳು ಕಾಗದ) ಅಥವಾ ಗ್ರೈಂಡರ್‌ಗೆ ಹಾಕುವ ಸ್ಟ್ರಿಪ್ ಡಿಸ್ಕ್ ಸಾಕು. ಮರಳು ಹೊಡೆಸುವುದು, ಅಂದರೆ ಸ್ಯಾಂಡ್ ಬ್ಲಾಸ್ಟಿಂಗ್, ಚಾಸಿಗೆ ಬಹಳ ಚೆನ್ನಾಗಿರುತ್ತದೆ. ಆದರೆ ಬಾನೆಟ್, ಬಾಗಿಲಿನಂಥ ಅಗಲವಾದ ತೆಳು ತಗಡಿಗೆ ಬೇಡವೇ ಬೇಡ, ತಗಡು ಹಿಗ್ಗಿ ಅಲೆ ಅಲೆಯಾಗುತ್ತದೆ, ಅದನ್ನು ಸರಿ ಮಾಡುವುದು ತುಕ್ಕಿಗಿಂತ ದೊಡ್ಡ ತಲೆನೋವು.

ಈಗ ತುಕ್ಕು. ಮೇಲ್ಮೈ ತುಕ್ಕನ್ನು ಉಜ್ಜಿದರೆ ಹೊಳೆಯುವ ತಗಡು ಬರುತ್ತದೆ, ಅಲ್ಲಿಗೆ ಮುಗಿಯಿತು. ಗುಳಿ ಬಿದ್ದ ತುಕ್ಕಾದರೆ ವೈರ್ ಬ್ರಶ್ ಹೊಡೆದು ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ಡಬ್ಬದ ಮೇಲೆ ಹೇಳಿದ ಹಾಗೆ ಪೂರ್ತಿ ತೊಳೆದು ಒಣಗಿಸಿ. ಆಸಿಡ್ ಉಳಿದರೆ ಮುಂದೆ ಬರಿ ತಗಡಿಗೆ ಹೊಡೆಯುವ ಮೊದಲ ಪದರ, ಅಂದರೆ ಎಪಾಕ್ಸಿ ಪ್ರೈಮರ್, ಹಿಡಿಯುವುದಿಲ್ಲ. ತೂತಾದ ತುಕ್ಕಿಗೆ ಮಾತ್ರ ಒಂದೇ ಮದ್ದು, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಕೂರಿಸುವುದು. ಫೈಬರ್ ಮ್ಯಾಟ್ ಅಂಟಿಸುವುದು, ತೂತಿಗೆ ಪುಟ್ಟಿ ತುರುಕುವುದು, ಇವೆಲ್ಲ ಮಾರುವ ಗಾಡಿಗೆ ಮಾಡುವ ಕೆಲಸ, ಇಟ್ಟುಕೊಳ್ಳುವ ಗಾಡಿಗೆ ಅಲ್ಲ.

ಹೊರ ಬಾಡಿಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಅಂದರೆ ಸುಮಾರು 0.9 ಮಿ.ಮೀ., ನೆಲಕ್ಕೆ 18 ಗೇಜ್ ತಗೊಳ್ಳಿ. ಮೊದಲು ಕಾರ್ಡ್‌ಬೋರ್ಡ್‌ನಲ್ಲಿ ಆಕಾರ ಕತ್ತರಿಸಿ ಇಟ್ಟು ನೋಡಿ, ಸರಿ ಅನಿಸಿದ ಮೇಲೆ ಶೀಟ್ ಕತ್ತರಿಸಿ. ತುಂಡಿನ ಮೂಲೆಗಳನ್ನು ಚೂಪಾಗಿ ಬಿಡದೆ ಉರುಟಾಗಿ ಕತ್ತರಿಸಿದರೆ ಶಾಖಕ್ಕೆ ಸೆಟೆಯುವುದು ಕಡಿಮೆ. ಮಿಗ್ ವೆಲ್ಡರ್ (ತೆಳು ತಂತಿಯಿಂದ ಬೆಸೆಯುವ ಯಂತ್ರ) ಇರುವ ಟಿಂಕರ್ ಅಣ್ಣ ಯಾರಾದರೂ ಹತ್ತಿರ ಇದ್ದರೆ ಅವರನ್ನೇ ಕರೆಯಿರಿ. ಸಾದಾ ಆರ್ಕ್ ವೆಲ್ಡಿಂಗ್ ಈ ತಗಡನ್ನು ಸುಟ್ಟು ತೂತು ಮಾಡುತ್ತದೆ. ನೀವೇ ಮಾಡುವುದಾದರೆ ಉದ್ದಕ್ಕೆ ಎಳೆಯಬೇಡಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಬದಿಯಲ್ಲಿ, ಮೂರನೆಯದು ಇನ್ನೆಲ್ಲೋ, ಹೀಗೆ ಹಾಕುತ್ತಾ, ಕೈ ಇಡುವಷ್ಟು ಆರಿದ ಮೇಲೆ ನಡುವಿನ ಜಾಗ ತುಂಬುತ್ತಾ ಬನ್ನಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅವಸರ ಮಾಡಿದರೆ ತಗಡು ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಬಕೆಟ್ ನೀರು ಇರಲಿ. ಒಳಗಡೆ ವೈರಿಂಗ್, ಸೀಟಿನ ಸ್ಪಂಜು ಏನೂ ಇಲ್ಲ ಅಂತ ಇನ್ನೊಮ್ಮೆ ನೋಡಿಕೊಂಡೇ ಶುರು ಮಾಡಿ.

ತಗ್ಗು ಎತ್ತುವುದಕ್ಕೆ ಸುತ್ತಿಗೆ ಮತ್ತು ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಬೇಕು. ತಗ್ಗಿನ ಹಿಂದೆ ಡಾಲಿ ಒತ್ತಿ ಹಿಡಿದು, ಹೊರಗೆ ತಗ್ಗಿನ ಸುತ್ತ ಉಬ್ಬಿದ ಅಂಚಿಗೆ ಮೆಲ್ಲಗೆ ಹೊಡೆದರೆ ಅಂಚು ಇಳಿಯುತ್ತದೆ, ತಗ್ಗು ಮೇಲೆ ಬರುತ್ತದೆ. ನೇರ ಡಾಲಿ ಮೇಲೇ ಹೊಡೆದರೆ ತಗಡು ಹಿಗ್ಗುತ್ತದೆ, ಅದನ್ನು ಕೊನೆಯ ಸಣ್ಣ ಸಮತಟ್ಟಿಗೆ ಮಾತ್ರ ಇಟ್ಟುಕೊಳ್ಳಿ. ಕಣ್ಣಿಗಿಂತ ಅಂಗೈ ನಂಬಿ. ತೆಳು ಬಟ್ಟೆ ಹಾಕಿ ಅಂಗೈಯನ್ನು ಉದ್ದಕ್ಕೆ ಸವರಿದರೆ ಕಣ್ಣಿಗೆ ಕಾಣದ ಏರಿಳಿತ ಸಿಗುತ್ತದೆ.

ತಗಡು ಬರಿದಾದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ನಮ್ಮ ಊರಿನಲ್ಲಿ ನಾಳೆ ಅನ್ನುವ ಮಾತೇ ಇಲ್ಲ. ಹಾಗಾಗಿ ಇಡೀ ಗಾಡಿಯನ್ನು ಒಟ್ಟಿಗೆ ಕೆರೆಯಬೇಡಿ. ಇವತ್ತು ಒಂದು ಬಾಗಿಲು ಕೆರೆದು, ವ್ಯಾಕ್ಸ್ ರಿಮೂವರ್‌ನಲ್ಲಿ ಒರೆಸಿ, ಸಂಜೆ ತಂಪಾಗುವ ಮೊದಲೇ ಎಪಾಕ್ಸಿ ಹೊಡೆದು ಮುಗಿಸಿ, ನಾಳೆ ಇನ್ನೊಂದು. ಒರೆಸುವಾಗ ಒಂದು ಬಟ್ಟೆ ಒದ್ದೆ, ಇನ್ನೊಂದು ಒಣ. ಒದ್ದೆಯಲ್ಲಿ ಹಚ್ಚಿ, ಆರುವ ಮೊದಲೇ ಒಣ ಬಟ್ಟೆಯಲ್ಲಿ ಎತ್ತಬೇಕು, ಇಲ್ಲದಿದ್ದರೆ ಜಿಡ್ಡು ಅಲ್ಲೇ ಹರಡಿ ಕೂರುತ್ತದೆ. ಮಾಮೂಲಿ ರೆಡ್ ಆಕ್ಸೈಡ್ ಸಾಕಲ್ವಾ ಅಂತ ಕೇಳುತ್ತಾರೆ. ಗೇಟಿಗೆ ಸಾಕು, ಗಾಡಿಗೆ ಸಾಲದು.

ಪುಟ್ಟಿ ಹಾಕುವುದು ಎಪಾಕ್ಸಿ ಉಜ್ಜಿದ ಮೇಲೆ, ಅದರ ಮೇಲೇ. ಬರೀ ತಗಡಿಗಿಂತ ಇದು ನಮ್ಮ ಹವೆಗೆ ಒಳ್ಳೆಯದು. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ತೂಕದಲ್ಲಿ ಶೇಕಡಾ 2ರ ಆಸುಪಾಸು ಸಾಕು, ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಜೊತೆಗೆ ಮೇಲಿನ ಬಣ್ಣದಲ್ಲಿ ಕಲೆ ಮೂಡಬಹುದು. 3 ಮಿ.ಮೀ.ಗಿಂತ ದಪ್ಪ ಬೇಕಾಗುತ್ತಿದ್ದರೆ ತಗಡಿನ ಕೆಲಸ ಇನ್ನೂ ಬಾಕಿ ಇದೆ, ಸುತ್ತಿಗೆಗೆ ವಾಪಸ್ ಹೋಗಿ. ಇನ್ನೊಂದು ಮುಖ್ಯ ವಿಷಯ, ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಎಷ್ಟೋ ಶೆಡ್‌ಗಳಲ್ಲಿ ಅದೇ ರೂಢಿ, ಧೂಳು ಏಳುವುದಿಲ್ಲ ಅಂತ. ಆದರೆ ಪುಟ್ಟಿ ನೀರು ಕುಡಿಯುತ್ತದೆ, ಕುಡಿದ ನೀರು ಬಣ್ಣದ ಅಡಿಯಲ್ಲೇ ಉಳಿಯುತ್ತದೆ, ಆಮೇಲೆ ಗುಳ್ಳೆ. ಒಣದಾಗಿಯೇ ಉಜ್ಜಿ, ಧೂಳಿನ ಮಾಸ್ಕ್ ಹಾಕಿಕೊಳ್ಳಿ.

ಉಜ್ಜುವುದಕ್ಕೆ ಬರೀ ಕೈಯಲ್ಲ, ಉದ್ದನೆಯ ಮರದ ಬ್ಲಾಕ್ ಬೇಕು. ಪುಟ್ಟಿ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಸ್ಪ್ರೇ ಮಾಡಿ. ಬ್ಲಾಕ್‌ಗೆ 80 ನಂಬರ್ ಪೇಪರ್ ಕಟ್ಟಿ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ, ಆಮೇಲೆ ಇನ್ನೊಂದು ಓರೆಗೆ. ಎತ್ತರದ ಜಾಗದಲ್ಲಿ ಕಪ್ಪು ಕೂಡಲೇ ಹೋಗುತ್ತದೆ, ತಗ್ಗಿನಲ್ಲಿ ನಕ್ಷೆಯಂತೆ ಉಳಿದುಕೊಳ್ಳುತ್ತದೆ. ಆ ಉಳಿದ ಕಪ್ಪನ್ನು ಬೆರಳು ತುದಿಯಿಂದ ಒತ್ತಿ ಉಜ್ಜಿ ತೆಗೆಯುವ ಆಸೆ ಆಗುತ್ತದೆ, ಮಾಡಬೇಡಿ, ಅಲ್ಲಿ ಇನ್ನೊಂದು ತೆಳು ಪುಟ್ಟಿ ಎಳೆದು ಮತ್ತೆ ಬ್ಲಾಕ್ ಹಿಡಿಯಿರಿ. ಕಪ್ಪು ಎಲ್ಲ ಕಡೆ ಒಂದೇ ಸಮ ಹೋಗುವವರೆಗೆ ಇದೇ ಕೆಲಸ. ಆಮೇಲೆ 120, 180. ನಂತರ ಸೀಮ್‌ಗಳಿಗೆಲ್ಲ ಪಿಯು ಸೀಲರ್ ಎಳೆದು, 2ಕೆ ಸರ್ಫೇಸರ್ (ಸಣ್ಣ ಗೀರು ಮುಚ್ಚುವ ದಪ್ಪ ಪ್ರೈಮರ್) ಹೊಡೆದು, ಮತ್ತೆ ಕಪ್ಪು ಮಂಜು, 400, ಕೊನೆಗೆ 600 ವಾಟರ್ ಪೇಪರ್. ಸರ್ಫೇಸರ್ ಮೇಲೆ ನೀರು ಬಳಸಬಹುದು, ಆದರೆ ತಗಡು ಕಂಡ ಕಡೆ ಮತ್ತೆ ಎಪಾಕ್ಸಿ ಮುಟ್ಟಿಸಬೇಕು.

ಬಣ್ಣದ ಆಯ್ಕೆಗೆ ಬಂದರೆ, ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಸಾಲಿಡ್ ಬಿಳಿ, ಸಿಂಗಲ್ ಸ್ಟೇಜ್ ಪಿಯು, ಅಂದರೆ ಮೇಲೆ ಕ್ಲಿಯರ್ ಬೇಡದ್ದು. ತಪ್ಪು ಕಾಣಿಸುವುದು ಕಡಿಮೆ, ಮುಂದೆ ಗೀರಾದರೆ ಆ ಜಾಗಕ್ಕಷ್ಟೇ ತಿದ್ದಬಹುದು. ಮೆಟಾಲಿಕ್‌ನಲ್ಲಿ ಗನ್ ದೂರ ಸ್ವಲ್ಪ ಬದಲಾದರೂ ಮೋಡ ಮೋಡವಾಗಿ ಕಾಣುತ್ತದೆ. ಬೇರೆ ಬಣ್ಣಕ್ಕೆ ಬದಲಾಯಿಸುವುದಿದ್ದರೆ ಮಡಿಕೇರಿ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಆರ್‌ಸಿಯಲ್ಲಿ ಬಣ್ಣ ತಿದ್ದಿಸಬೇಕು. ಜಿಪ್ಸಿ ಅಂದ ಕೂಡಲೇ ಎಲ್ಲರಿಗೂ ಮಿಲಿಟರಿ ಹಸಿರಿನ ಮೇಲೆ ಕಣ್ಣು, ಸೈನ್ಯದಲ್ಲಿ ಇದ್ದವರು ಮನೆಮನೆಯಲ್ಲೂ ಇರುವ ಜಿಲ್ಲೆ ನಮ್ಮದು, ಆ ಅಭಿಮಾನ ಅರ್ಥವಾಗುತ್ತದೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಖಾಸಗಿ ಗಾಡಿಗೆ ಹೊಡೆಯುವಂತಿಲ್ಲ.

ಬಣ್ಣದ ದಿನ ಬೆಳಿಗ್ಗೆ ಮಂಜು ಪೂರ್ತಿ ಬಿಡುವವರೆಗೆ ಕಾಯಿರಿ. 11 ಗಂಟೆಯಿಂದ 3 ಗಂಟೆ ಒಳಗೆ ಮುಗಿಸಿಬಿಡಬೇಕು. ಸಂಜೆ ತಗಡು ಬೇಗ ತಣ್ಣಗಾಗಿ ಅದರ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ, ಬಣ್ಣದ ಹೊಳಪು ಸತ್ತುಹೋಗುತ್ತದೆ. ತೇವಾಂಶ ನೋಡುವ ಸಣ್ಣ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಶೇಕಡಾ 70 ದಾಟಿದ್ದರೆ ಆ ದಿನ ಬಿಟ್ಟುಬಿಡಿ. ಕಂಪ್ರೆಸರ್ ಟ್ಯಾಂಕಿನ ಅಡಿಯ ನೀರು ಬಿಟ್ಟು, ಪೈಪಿಗೆ ವಾಟರ್ ಟ್ರ್ಯಾಪ್ ಹಾಕಿ. ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿದರೆ ಕಂಪ್ರೆಸರ್ ಒದ್ದಾಡುತ್ತದೆ, ಆ ಹೊತ್ತಿಗೆ ಪಂಪ್‌ಸೆಟ್ ಓಡದ ಹಾಗೆ ನೋಡಿಕೊಳ್ಳಿ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ, ಆದರೆ ಕೊಚ್ಚೆಯಾಗುವಷ್ಟು ಬೇಡ. ಅಕ್ಕಪಕ್ಕದಲ್ಲಿ ಕಾಫಿ ತೂರುತ್ತಿದ್ದರೆ, ಡ್ಯಾಶ್‌ಬೋರ್ಡ್ ಪಾಲಿಶ್ ಮಾಡುತ್ತಿದ್ದರೆ ನಿಲ್ಲಿಸಲು ಹೇಳಿ. ಪಾಲಿಶ್‌ನ ಸಿಲಿಕೋನ್ ಬಿದ್ದರೆ ಹಸಿ ಬಣ್ಣ ಮೀನಿನ ಕಣ್ಣಿನ ಆಕಾರದಲ್ಲಿ ಸರಿದು ತೂತಾಗುತ್ತದೆ.

1.3 ಅಥವಾ 1.4 ಮಿ.ಮೀ. ನಾಜಲ್, ಗನ್ ತಗಡಿನಿಂದ 15ರಿಂದ 20 ಸೆಂ.ಮೀ. ದೂರ, ಕೈ ನೇರವಾಗಿ ಚಲಿಸಬೇಕು, ಮಣಿಕಟ್ಟು ತಿರುಗಬಾರದು. ಒಂದು ಗೆರೆಯ ಅರ್ಧದ ಮೇಲೆ ಮುಂದಿನ ಗೆರೆ ಬೀಳಲಿ. ಮೊದಲ ಕೋಟ್ ತೆಳ್ಳಗೆ, ಕೆಳಗಿನದು ಕಾಣುತ್ತಿದ್ದರೂ ಪರವಾಗಿಲ್ಲ. 10ರಿಂದ 15 ನಿಮಿಷ ಬಿಟ್ಟು, ಮಾಸ್ಕಿಂಗ್ ಟೇಪ್ ಮೇಲಿನ ಬಣ್ಣವನ್ನು ಮುಟ್ಟಿ ನೋಡಿ, ಬೆರಳಿಗೆ ದಾರದಂತೆ ಎಳೆಯದಿದ್ದರೆ ಎರಡನೆಯದು ಹೊಡೆಯಿರಿ, ಇದು ಪೂರ್ತಿ ಒದ್ದೆಯಾಗಿರಬೇಕು. ಬೇಕೆನಿಸಿದರೆ ಮೂರನೆಯದು. ಬಣ್ಣ, ಹಾರ್ಡನರ್, ತಿನ್ನರ್ ಮೂರೂ ಒಂದೇ ಕಂಪನಿಯದ್ದಾಗಿರಲಿ, ಡಬ್ಬದ ಮೇಲೆ ಬರೆದ ಅನುಪಾತದಲ್ಲೇ ಬೆರೆಸಿ. ಬಣ್ಣ ಸೋರಿದರೆ ಹಸಿಯಲ್ಲಿ ಮುಟ್ಟಬೇಡಿ. ಚೆನ್ನಾಗಿ ಗಟ್ಟಿಯಾದ ಮೇಲೆ 1500, 2000 ಪೇಪರ್‌ನಲ್ಲಿ ನೀರು ಹಾಕಿ ತೆಗೆದು ಕಾಂಪೌಂಡ್ ಹೊಡೆದರೆ ಗುರುತೇ ಇರುವುದಿಲ್ಲ. ವ್ಯಾಕ್ಸ್ ಮಾತ್ರ ಕೆಲವು ವಾರ ಬೇಡ.

ಜೋಡಿಸುವ ಮೊದಲು ಇನ್ನೊಂದು ಕೆಲಸ ಇದೆ, ಇದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಬಾಗಿಲಿನ ಒಳಗೆ, ಬಾಗಿಲಿನ ಕೆಳಗಿನ ಸಿಲ್ ಒಳಗೆ, ಗಾಜಿನ ಫ್ರೇಮ್ ಒಳಗೆ ಉದ್ದ ಪೈಪಿನ ಸ್ಪ್ರೇಯಲ್ಲಿ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗದಲ್ಲಿ ತುಕ್ಕು ತಡೆಯುವ ಮೇಣ) ಹೊಡೆಯಿರಿ, ಮಡಿಕೆಗಳಿಂದ ಹೊರಗೆ ಜಿನುಗುವಷ್ಟು. ಬಾಗಿಲಿನ ಅಡಿಯ ನೀರು ಹೋಗುವ ತೂತುಗಳು ಬಣ್ಣ, ಸೀಲರ್‌ನಿಂದ ಮುಚ್ಚಿರುತ್ತವೆ, ತಂತಿ ಹಾಕಿ ಒಂದೊಂದಾಗಿ ಬಿಡಿಸಿ. ಒಂದು ಚೊಂಬು ನೀರು ಬಾಗಿಲಿನ ಗಾಜಿನ ಸಂದಿಗೆ ಸುರಿದು ಅಡಿಯಿಂದ ಹೊರಬರುವುದನ್ನು ಕಣ್ಣಾರೆ ನೋಡಿ. ಹಳೆ ರಬ್ಬರ್ ಬೀಡಿಂಗ್ ವಾಪಸ್ ಹಾಕಬೇಡಿ, ಹೊಸದು ತನ್ನಿ. ಮೇ ತಿಂಗಳಲ್ಲಿ ಫೆಂಡರ್ ಹಿಂದೆ ಒಮ್ಮೆ ನೀರು ಬಿಟ್ಟು ತೊಳೆಯಿರಿ, ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಇಳಿದ ಮೇಲೆ ಇನ್ನೊಮ್ಮೆ. ಆಗ ಮ್ಯಾಟ್ ಎತ್ತಿ ನೆಲವನ್ನು ಎರಡು ದಿನ ಬಿಸಿಲಿಗೆ ಬಿಡಿ, ಎಲ್ಲಾದರೂ ಕಲ್ಲು ತಾಗಿ ಬಣ್ಣ ಹಾರಿದ್ದರೆ ಆ ವಾರವೇ ಎಪಾಕ್ಸಿ ಮುಟ್ಟಿಸಿ.